ಯಜಮಾನರು ಓಡಿದ ವರ್ಷ

ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಅನುಮಾನ ಹುಟ್ಟುತ್ತದೆ. ಮೊನ್ನೆ ಬುಕ್ಕಾಂಬುಧಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆಂದು ಅಜ್ಜಂಪುರದಲ್ಲಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಮೊಣಕಾಲಿಗೆ ಆ ಎಣ್ಣೆಯನ್ನು ಧಾರಾಳವಾಗಿ ಹಚ್ಚಿಕೊಂಡು ಬಂದಿದ್ದಳು. ಪಾಪ, ಅವಳಿಗೆ ಕಾಲುನೋವು. ನಾನು ಮಾತ್ರ ಅವಳನ್ನು ಮತ್ತೆ ಮತ್ತೆ ತಿರುಗಿ ನೋಡಿದೆ, ಇವಳು ಮನೆಯಲ್ಲಿ ಯಾರಿಂದ ಏನನ್ನು ಮುಚ್ಚಿಡುತ್ತಿದ್ದಾಳೋ ಎಂದು. ಬಸ್ಸು ಊರು ದಾಟಿ ತೆಂಗಿನ ತೋಟಗಳ ನಡುವೆ ಹೋಗುವಷ್ಟರಲ್ಲಿ ನನಗೆ ಆ ವರ್ಷದ್ದೆಲ್ಲ ನೆನಪಾಗತೊಡಗಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ಶಿವಲಿಂಗಪ್ಪ ಅಜ್ಜಂಪುರದ ಈರುಳ್ಳಿ ಮಂಡಿಗಳಲ್ಲಿ ತೂಕದವರು. ರೈತ ಚೀಲ ತಂದು ಇಳಿಸುತ್ತಾನೆ, ವ್ಯಾಪಾರಿ ಕೊಳ್ಳುತ್ತಾನೆ, ನಡುವೆ ತಕ್ಕಡಿಯ ಹತ್ತಿರ ನಿಂತು ಮುಳ್ಳು ನಿಂತ ಮೇಲೆ ತೂಕವನ್ನು ಗಟ್ಟಿಯಾಗಿ ಕೂಗುವುದು ಅವರ ಕೆಲಸ. ಅವರು ಕೂಗಿದ್ದೇ ತೂಕ. ಇಬ್ಬರೂ ನಂಬುವ ತನಕ ಆ ಕೆಲಸ ಇರುತ್ತದೆ, ಒಬ್ಬ ನಂಬದೇ ಹೋದರೂ ಮಾರನೇ ದಿನದಿಂದ ಮನೆಯಲ್ಲಿ ಕೂರಬೇಕು. ಹೀಗಾಗಿ ನಮ್ಮ ಮನೆಯ ಅನ್ನವೆಲ್ಲ ಊರಿನವರ ನಂಬಿಕೆಯ ಮೇಲೆ ನಿಂತಿತ್ತು. ನಂಬಿಕೆಯ ಕೆಲಸ ಅವರಿಗೆ, ಅನುಮಾನದ ಕೆಲಸ ನನಗೆ ಎಂದು ನಾವು ಮದುವೆಯಾದ ಹೊಸದರಲ್ಲೇ ಹಂಚಿಕೊಂಡಂತಿತ್ತು. ಹಾಲಿಗೆ ನೀರು ಬಿದ್ದಿದೆಯೋ ಇಲ್ಲವೋ, ಬಾಗಿಲಿಗೆ ಬಂದ ಸೀರೆಯವನ ಗಜಕಡ್ಡಿ ಸರಿಯಿದೆಯೋ ಇಲ್ಲವೋ ನೋಡುವವಳು ನಾನೇ.

ಆ ವರ್ಷ ಬೇಸಿಗೆಯಲ್ಲಿ ಅವರು ಬೆಳಕು ಹರಿಯುವ ಮೊದಲೇ ಏಳಲು ಶುರು ಮಾಡಿದರು. ಎಲ್ಲಿಗೆ ಎಂದರೆ, "ಮಂಡಿಗೆ ಲಾರಿ ಬತ್ತದೆ ಕಣೇ" ಅಂದರು. ಸರಿ ಎಂದು ನಾನು ಮತ್ತೆ ಮಗ್ಗುಲಾದೆ. ಅರ್ಧ ನಿದ್ದೆಯಲ್ಲೇ ಹೊಳೆಯಿತು, ಬೇಸಿಗೆಯಲ್ಲಿ ಯಾವ ಈರುಳ್ಳಿ, ಯಾವ ಲಾರಿ? ನಮ್ಮ ಕಡೆ ಈರುಳ್ಳಿ ಕೀಳುವುದು ಮಳೆಗಾಲ ಕಳೆಯುವಾಗ. ಹಾಸಿಗೆಯಲ್ಲಿ ಎದ್ದು ಕೂತೆ. ಮದುವೆಯಾಗಿ ಅಷ್ಟು ವರ್ಷಕ್ಕೆ ಅವರು ನನಗೆ ಹೇಳಿದ ಮೊದಲ ಸುಳ್ಳು ಅದು, ಅಥವಾ ನನ್ನ ಕೈಗೆ ಸಿಕ್ಕಿದ ಮೊದಲನೆಯದು.

ಆಮೇಲೆ ಕಣ್ಣು ಬಿಟ್ಟುಕೊಂಡೇ ಇದ್ದೆ. ಹಿಂದೆ ಬರುವಾಗ ಮೈಯಿಂದ ನೀಲಗಿರಿ ಎಣ್ಣೆಯ ವಾಸನೆ. ನಮ್ಮ ಮನೆಯಲ್ಲಿ ಆ ಎಣ್ಣೆ ಇರಲೇ ಇಲ್ಲ. ತಲೆ ಒದ್ದೆ. ಮನೆಯ ಹಂಡೆಯಲ್ಲಿ ನೀರು ಕಾಯುವ ಮೊದಲೇ ಗಂಡಸು ಹೊರಗೆಲ್ಲೋ ತಲೆಗೆ ನೀರು ಹಾಕಿಕೊಂಡು ಬಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ರಾತ್ರಿ ಊಟಕ್ಕೆ ಎರಡು ಮುದ್ದೆ ಉಣ್ಣುತ್ತಿದ್ದವರು ಒಂದಕ್ಕೆ ಇಳಿದರು. ಹೊಟ್ಟೆ ಕರಗಿತು, ಮುಖದಲ್ಲಿ ಕಳೆ ಬಂತು. ನಲವತ್ತಾರು ನಲವತ್ತೇಳರ ಗಂಡಸಿಗೆ ಇದ್ದಕ್ಕಿದ್ದಂತೆ ಕಳೆ ಬರುವುದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಅನ್ನಿಸಿತು.

ಸುದ್ದಿ ತಂದವಳು ಹಾಲು ಹಾಕುವ ತಿಮ್ಮಕ್ಕ. ಬುಕ್ಕಾಂಬುಧಿ ರಸ್ತೆಯ ಹಳ್ಳಿಯಿಂದ ದಿನಾ ಬೆಳಿಗ್ಗೆ ನಡೆದು ಬರುವವಳು.

"ನಿಮ್ಮೆಜಮಾನ್ರು ಚಡ್ಡಿ ಹಾಕ್ಕಂಡು ರಸ್ತೇಲಿ ಓಡ್ತಾ ಇದ್ರು ಕಣಕ್ಕ," ಅಂದಳು. "ಯಾರೋ ಅಟ್ಟಿಸ್ಕಂಡು ಬತ್ತಾವ್ರೆ ಅಂತ ಹಿಂದೆ ನೋಡಿದ್ರೆ ಯಾರೂ ಇಲ್ಲ."

"ಸುಮ್ನೆ ಓಡ್ತಿದ್ರಾ?"

"ಸುಮ್ನೇ. ಆಮೇಲೆ ಜಯಮ್ಮನ ತೋಟದ ತೊಟ್ಟಿ ಹತ್ರ ನಿಂತ್ಕಂಡು ನೀರಿಗೆ ತಲೆ ಒಡ್ಡಿದ್ರು."

ಓಡಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಜಯಮ್ಮನ ಹೆಸರು. ಊರಿಂದ ಒಂದಿಷ್ಟು ದೂರ ಹೋದರೆ ರಸ್ತೆಯ ಪಕ್ಕಕ್ಕೇ ಅವಳ ತೆಂಗಿನ ತೋಟ. ಗಂಡ ಸತ್ತ ಮೇಲೆ ತವರಿಗೂ ಹೋಗದೆ, ಮೈದುನರಿಗೂ ಬಿಟ್ಟುಕೊಡದೆ ಒಬ್ಬಳೇ ತೋಟ ನಡೆಸುತ್ತಿದ್ದಳು. ಮೋಟರ್ ಹಾಕುವುದು, ಕಾಯಿ ಕೆಡವಿಸುವುದು, ವ್ಯಾಪಾರಿಯ ಜೊತೆ ಜಗಳ ಆಡುವುದು ಎಲ್ಲ ಅವಳೇ. ನನಗಿಂತ ಚಿಕ್ಕವಳು. ನೋಡಲೂ ಚೆನ್ನಾಗಿದ್ದಳು, ಅದನ್ನು ಯಾಕೆ ಮುಚ್ಚಿಡಲಿ.

ಸಾಯಂಕಾಲ ಯಜಮಾನರನ್ನು ಕೂರಿಸಿಕೊಂಡು ಕೇಳಿದೆ. ಅವರು ನೆಲ ನೋಡುತ್ತ ಹೇಳಿದರು, "ಅಪ್ಪ ಐವತ್ತು ಕಾಣಲಿಲ್ಲ. ಅಣ್ಣನೂ ಕಾಣಲಿಲ್ಲ. ಇಬ್ರೂ ಎದೆ ಹಿಡ್ಕಂಡು ಹೋದ್ರು. ತರೀಕೆರೆ ಡಾಕ್ಟ್ರು ದಿನಾ ಬೆವರು ಬರೋ ಹಂಗೆ ನಡೀರಿ ಅಂದ್ರು. ನಡೀತಾ ನಡೀತಾ ಓಡೋಣ ಅನ್ನಿಸ್ತು. ನಿಂಗೆ ಹೇಳಿದ್ರೆ ಹೆದರ್ಕಂತೀಯ ಅಂತ ಹೇಳಲಿಲ್ಲ."

ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಅವರ ಅಣ್ಣ ಹೋದ ದಿನ ನಮ್ಮ ಓರಗಿತ್ತಿ ಕೂತಿದ್ದ ರೀತಿ ಕಣ್ಣಿಗೆ ಬಂತು. ಮಾರನೇ ದಿನದಿಂದ ನಾನೇ ಎದ್ದು ಅವರ ಅಂಗಾಲಿಗೆ ಹರಳೆಣ್ಣೆ ತಿಕ್ಕಿ ಕಳಿಸತೊಡಗಿದೆ. ನೀಲಗಿರಿ ಎಣ್ಣೆಯ ಬಾಟಲಿ ಮಂಡಿಯ ಮೂಲೆಯಿಂದ ಮನೆಯ ಗೂಡಿಗೆ ಬಂತು. ಆದರೂ ಒಂದು ಮಾತು ಮನಸ್ಸಿನಲ್ಲಿ ಕೂತೇ ಇತ್ತು. ಅಪ್ಪ ಅಣ್ಣನ ವಿಷಯ ಸರಿ, ಓಡುವುದೂ ಸರಿ, ರಸ್ತೆಯಲ್ಲಿ ಅಷ್ಟೊಂದು ತೋಟಗಳಿರುವಾಗ ತಲೆ ಒಡ್ಡುವುದಕ್ಕೆ ಜಯಮ್ಮನ ತೊಟ್ಟಿಯೇ ಯಾಕೆ?

ಮಳೆಗಾಲದಲ್ಲಿ ಕಡೂರಿನಲ್ಲಿ ಆಗಸ್ಟ್ ಹದಿನೈದಕ್ಕೆ ರಸ್ತೆ ಓಟ ಇದೆ ಎಂದು ಯಾರೋ ಹೇಳಿದರು. ಯುವಕ ಸಂಘದ ಹುಡುಗರು ಏರ್ಪಾಡು ಮಾಡಿದ್ದು. ನಲವತ್ತು ದಾಟಿದವರು ಯಾರಾದರೂ ಓಡಿದರೆ ಅವರಿಗೆ ಬೇರೆ ಬಹುಮಾನವಂತೆ. ಇವರು ಹೆಸರು ಕೊಟ್ಟರು, ನಾನೂ ಹೊರಟೆ. "ನೀನ್ಯಾಕೆ?" ಅಂದರು. "ನೋಡೋಣ ಅಂತ," ಅಂದೆ. ಏನನ್ನು ನೋಡೋಣ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಯಗಟಿ ರಸ್ತೆಯಲ್ಲಿ ಹೋಗಿ ತಿರುಗಿ ಬರುವ ಓಟ. ಹುಡುಗರ ಸಾಲಿನಲ್ಲಿ ಬನಿಯನ್ನು, ಖಾಕಿ ಚಡ್ಡಿ, ಬರಿಗಾಲಲ್ಲಿ ನಿಂತಿದ್ದ ಇವರನ್ನು ನೋಡಿ ಒಬ್ಬ, "ತಾತ, ಬಸ್ ಸ್ಟ್ಯಾಂಡು ಆ ಕಡೆ," ಅಂದ. ಎಲ್ಲರೂ ನಕ್ಕರು. ಇವರೂ ನಕ್ಕರು. ಓಟ ಶುರುವಾಗಿ, ಗೆದ್ದವರೆಲ್ಲ ಬಂದು ನೀರು ಕುಡಿದು, ಭಾಷಣ ಮುಗಿದು, ಶಾಮಿಯಾನದ ಹಗ್ಗ ಬಿಚ್ಚುತ್ತಿದ್ದರೂ ನಮ್ಮವರ ಸುಳಿವಿಲ್ಲ. ಎದೆಯಲ್ಲಿ ಹೆದರಿಕೆ ಒಂದು ಕಡೆ, ಇಷ್ಟು ಹೊತ್ತು ಎಲ್ಲಿದ್ದಾರೆ ಎನ್ನುವ ಪ್ರಶ್ನೆ ಇನ್ನೊಂದು ಕಡೆ. ಕೊನೆಗೆ ಕುರಿಮಂದೆಯೊಂದರ ಹಿಂದೆ ಮೈಯೆಲ್ಲ ಕೆಸರಾಗಿ ಬಂದರು. ಕುರಿಗಳು ದಾರಿ ಬಿಡಲಿಲ್ಲವಂತೆ. ಅವತ್ತು ನಲವತ್ತು ದಾಟಿದವರ ಬಹುಮಾನ ಬೀರೂರಿನ ಡ್ರಿಲ್ ಮೇಷ್ಟ್ರು ಕೃಷ್ಣಪ್ಪನವರಿಗೆ ಹೋಯಿತು. ಇವರು ಎರಡನೆಯವರು, ಯಾಕೆಂದರೆ ಮೂರನೆಯವರು ಇರಲಿಲ್ಲ.

ಈರುಳ್ಳಿ ಕೀಳುವ ಕಾಲ ಬಂತು. ಮಂಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ, ಆದರೂ ಬೆಳಗಿನ ಓಟ ನಿಲ್ಲಲಿಲ್ಲ. ಆ ದಿನಗಳಲ್ಲೇ ಮಂಡಿ ಹಾಲಪ್ಪನ ಜೊತೆ ಒಂದು ಮಾತು ಬೆಳೆಯಿತು. ಹಾಲಪ್ಪ ಊರಿನ ದೊಡ್ಡ ವ್ಯಾಪಾರಿ. ತಕ್ಕಡಿಯ ಮುಳ್ಳು ನಿಲ್ಲುವ ಮೊದಲೇ, ಕಡಿಮೆ ತೋರಿಸುವಾಗಲೇ ತೂಕ ಕೂಗು ಎಂದು ಅವನು ಹೇಳಿದ್ದು, ಮುಳ್ಳು ನಿಂತ ಮೇಲೇ ಕೂಗುತ್ತೇನೆ ಎಂದು ಇವರು ಹೇಳಿದ್ದು, ರೈತರು ಅದನ್ನು ಕೇಳಿಸಿಕೊಂಡದ್ದು. ಅಷ್ಟೇ ಆದದ್ದು. ಹಾಲಪ್ಪ ಏನೂ ಅನ್ನದೆ ನಕ್ಕು ಹೋದನಂತೆ. ಆ ನಗುವಿನ ವಿಷಯ ಕೇಳಿದಾಗಲೇ ನಾನು ಅಂದೆ, "ಬೈದಿದ್ರೆ ವಾಸಿ ಇತ್ತು ಕಣ್ರೀ. ನಕ್ಕನಲ್ಲ, ಏನೋ ಇಟ್ಕಂಡವ್ನೆ."

"ನಿಂಗೆ ಎಲ್ಲದ್ರಲ್ಲೂ ಅನುಮಾನ," ಅಂದರು.

ರಾಜ್ಯೋತ್ಸವಕ್ಕೆ ತರೀಕೆರೆಯಲ್ಲಿ ಓಟ. ಜಿಟಿಜಿಟಿ ಮಳೆ. ನಾನು ಹೋಗಲಿಲ್ಲ, ಇವರು ಹೋಗಿ ಹುಡುಗರ ಗುಂಪಿನ ನಡುವೆಯೇ ಬಂದರಂತೆ, ಡ್ರಿಲ್ ಮೇಷ್ಟ್ರಿಗಿಂತ ಒಂದು ಕೈಯಷ್ಟು ಹಿಂದೆ. ಆದರೆ ಅಲ್ಲಿ ಒಂದು ಗಲಾಟೆಯಾಯಿತು. ಮೊದಲು ಬಂದ ಹುಡುಗ ತಿರುವಿನವರೆಗೆ ಹೋಗಿಯೇ ಇರಲಿಲ್ಲ, ಯಾವುದೋ ಪೊದೆಯಲ್ಲಿ ಕೂತಿದ್ದು ಹಿಂದಕ್ಕೆ ಓಡಿ ಬಂದಿದ್ದ ಎಂದು ಗೊತ್ತಾಯಿತು. ಅಲ್ಲಿಂದ ನಮ್ಮ ಸೀಮೆಯಲ್ಲಿ ಓಡುವವರ ಮೇಲೆಲ್ಲ ಜನರಿಗೆ ಒಂದು ಕಣ್ಣು ಬಿತ್ತು. ಟೀ ಅಂಗಡಿಯಲ್ಲಿ ಕೂತವರು, "ಈ ವಯಸ್ಸಲ್ಲಿ ಶಿವಲಿಂಗಪ್ಪ ಹುಡುಗ್ರು ಜೊತೇಲಿ ಬತ್ತಾನೆ ಅಂದ್ರೆ ಎಲ್ಲಾದ್ರೂ ಕೂತು ಎದ್ದು ಬತ್ತಾನೇನಪ್ಪ" ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಂತು. ನನಗೆ ರೇಗಿಹೋಯಿತು. ನನ್ನ ಗಂಡನ ಮೇಲೆ ಅನುಮಾನ ಪಡಲು ನಾನಿರುವಾಗ ಇವರೆಲ್ಲ ಯಾರು?

ಜನವರಿ ಇಪ್ಪತ್ತಾರಕ್ಕೆ ನಮ್ಮ ಅಜ್ಜಂಪುರದಲ್ಲೇ ಓಟ ಎಂದಾಯಿತು. ಬಸ್ ಸ್ಟ್ಯಾಂಡಿನಿಂದ ಹೊರಟು ಬುಕ್ಕಾಂಬುಧಿ ರಸ್ತೆಯಲ್ಲಿ ಚೌಡಮ್ಮನ ಗುಡಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಹೈಸ್ಕೂಲ್ ಮೈದಾನದಲ್ಲಿ ಮುಗಿಯುವುದು. ತರೀಕೆರೆಯಲ್ಲಿ ಆದ ಹಾಗೆ ಆಗಬಾರದೆಂದು ಸಂಘದ ಹುಡುಗರು ಒಂದು ಉಪಾಯ ಹೂಡಿದರು. ಗುಡಿಯ ಪೂಜಾರಿ ಕುಂಕುಮದ ತಟ್ಟೆ ಹಿಡಿದು ರಸ್ತೆಯ ನಡುವೆ ನಿಲ್ಲುವುದು, ತಿರುಗುವವರ ಹಣೆಗೆಲ್ಲ ಕುಂಕುಮ ಬಳಿಯುವುದು. ಹಣೆಯಲ್ಲಿ ಕುಂಕುಮ ಇಲ್ಲದವರು ಗುಡಿ ಮುಟ್ಟಿಲ್ಲ ಎಂದು ಲೆಕ್ಕ. ಅಮ್ಮನ ಕುಂಕುಮ, ಮೋಸ ಮಾಡಲು ಯಾರಾದರೂ ಹೆದರುತ್ತಾರೆ ಎಂದು ಎಲ್ಲರೂ ಮೆಚ್ಚಿದರು. ಓಡುವವರಿಗೆ ಬೆವರು ಬರುತ್ತದೆ ಎನ್ನುವುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಲವತ್ತು ದಾಟಿದವರಿಗೆ ಒಂದು ಸ್ಟೀಲ್ ಕೊಡ ಬಹುಮಾನ. ಕೊಟ್ಟವನು ಹಾಲಪ್ಪ. ಬಿಟ್ಟಿ ಕರಿಬೇವೂ ಕೊಡದ ಹಾಲಪ್ಪ ಕೊಡ ಯಾಕೆ ಕೊಡುತ್ತಾನೆ ಎಂದು ವಿಚಾರಿಸಿದರೆ, ಡ್ರಿಲ್ ಮೇಷ್ಟ್ರು ಅವನಿಗೆ ಷಡ್ಡಕ. ಅವರ ಹೆಂಡತಿಯರು ಅಕ್ಕ ತಂಗಿಯರು. ಕೊಡ ಮನೆಯಿಂದ ಹೊರಟು ಮನೆಗೇ ಹೋಗುವ ಏರ್ಪಾಡು.

ಆ ದಿನ ನನ್ನ ಮನಸ್ಸಿನಲ್ಲಿದ್ದದ್ದು ಕೊಡವಲ್ಲ. ಓಟದ ದಾರಿ ಜಯಮ್ಮನ ತೋಟದ ಮುಂದೆಯೇ ಹೋಗುತ್ತದೆ. ಅವರಿಬ್ಬರ ನಡುವೆ ಏನಾದರೂ ಇದ್ದರೆ ಅವತ್ತು ಅವಳು ಹೊರಗೆ ಬಂದು ನಿಂತೇ ನಿಲ್ಲುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ತಲೆನೋವು ಎಂದು ಹೇಳಿ ಮಲಗಿದೆ. ಅವರು ಅತ್ತ ಹೋದ ಮೇಲೆ ಎದ್ದು, ಒಂದು ಬುಟ್ಟಿ ಹಿಡಿದು, ಬಸ್ ಸ್ಟ್ಯಾಂಡಿನ ಕಡೆ ಸುಳಿಯದೆ ಊರ ಹೊರಗೆ ನಿಂತು ಬುಕ್ಕಾಂಬುಧಿಯ ಬಸ್ಸು ಹತ್ತಿದೆ. ಯಾರಾದರೂ ಕೇಳಿದರೆ ಹುಣಸೆಹಣ್ಣು ಆರಿಸಲು ಬಂದೆ ಎನ್ನುವುದು. ತೋಟದ ಬೇಲಿಯ ಮೂಲೆಯಲ್ಲಿ ಒಂದು ದೊಡ್ಡ ಹುಣಸೆಮರ, ಅದರ ಹಿಂದೆ ನಿಂತರೆ ರಸ್ತೆಯೂ ಕಾಣುತ್ತದೆ, ತೊಟ್ಟಿಯೂ ಕಾಣುತ್ತದೆ.

ಚಳಿ ಇನ್ನೂ ಬಿಟ್ಟಿರಲಿಲ್ಲ. ರಸ್ತೆಯ ತುಂಬ ರೈತರು ಹುರುಳಿಯ ಗಿಡ ಹಾಸಿದ್ದರು, ಬಸ್ಸು ಲಾರಿಗಳು ತುಳಿದು ಕಾಳು ಉದುರಿಸಲಿ ಎಂದು. ನಾನು ನಿಂತ ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಪಂಪ್‌ಸೆಟ್ ಮನೆಯೊಳಗೆ ಮೋಟರ್ ಗುರ್ರೆಂದಿತು, ತೊಟ್ಟಿಗೆ ನೀರು ಧುಮುಕತೊಡಗಿತು. ತಾನಾಗಿ ಮೋಟರ್ ಶುರುವಾಗುವುದಿಲ್ಲವಲ್ಲ. ಅಂದರೆ ಅವಳು ಒಳಗಿದ್ದಾಳೆ. ದಿನವೆಲ್ಲ ಇರದ ಕರೆಂಟು ಸರಿಯಾಗಿ ಈ ಹೊತ್ತಿಗೇ ಬಂದದ್ದೂ ನನಗೆ ಸರಿಕಾಣಲಿಲ್ಲ.

ಹುಡುಗರು ಹುರುಳಿಯ ಮೇಲೆ ಜಾರುತ್ತ, ಬೈಯುತ್ತ ಗುಡಿಯ ಕಡೆ ಓಡಿಹೋದರು. ನಡುವೆ ಎಲ್ಲೋ ನಮ್ಮವರು. ಅವರ ಹಿಂದೆ ಅಷ್ಟು ದೂರದಲ್ಲಿ ಡ್ರಿಲ್ ಮೇಷ್ಟ್ರು. ಯಜಮಾನರು ತೋಟದ ಕಡೆ ತಿರುಗಿಯೂ ನೋಡಲಿಲ್ಲ. ಹೋಗುವಾಗ ನೋಡುವುದಿಲ್ಲ, ಬರುವಾಗ ನೋಡುತ್ತಾರೆ ಎಂದುಕೊಂಡು ಕಾದೆ. ಬಹಳ ಹೊತ್ತಾದ ಮೇಲೆ ಮೊದಲ ಹುಡುಗರು ಹಣೆಯ ತುಂಬ ಕುಂಕುಮ ಹೊತ್ತು ಹಿಂದಕ್ಕೆ ಬಂದರು. ಆಮೇಲೆ ಇವರು. ಬೆವರಿಗೆ ಕುಂಕುಮ ಕರಗಿ ಮೂಗಿನ ಪಕ್ಕದಿಂದ ಗಲ್ಲದವರೆಗೆ ಇಳಿದಿತ್ತು, ಹುಬ್ಬಿನ ನಡುವೆ ಮಾತ್ರ ದಪ್ಪಗೆ ನಿಂತಿತ್ತು. ರಸ್ತೆ ಬಿಟ್ಟು ತೋಟದೊಳಗೆ ಬಂದರು. ನಾನು ಮರದ ಹಿಂದಿನಿಂದ ಕತ್ತು ಚಾಚಿದೆ.

ತೊಟ್ಟಿಯ ಮುಂದೆ ಬಗ್ಗಿ ನೀರಿಗೆ ತಲೆ ಒಡ್ಡಿದರು. ತೊಟ್ಟಿಯ ಅಂಚಿನಲ್ಲಿ ಕೆಂಪು ನೀರು ಹರಿಯಿತು. ಎರಡು ಬೊಗಸೆ ಕುಡಿದು, ಎಮ್ಮೆಯ ಹಾಗೆ ತಲೆ ಕೊಡವಿ, ಮತ್ತೆ ರಸ್ತೆಗೆ ಹತ್ತಿ ಓಡಿಹೋದರು. ಪಂಪ್‌ಸೆಟ್ ಮನೆಯ ಬಾಗಿಲು ತೆರೆಯಲೇ ಇಲ್ಲ. ಯಾರೂ ಬರಲಿಲ್ಲ, ಇವರು ಯಾರನ್ನೂ ಹುಡುಕಲಿಲ್ಲ. ನನಗೆ ಸಮಾಧಾನವಾಯಿತು ಎನ್ನಬೇಕು. ಆದರೆ ಅಷ್ಟು ತಿಂಗಳು ಸಾಕಿಕೊಂಡು ಬಂದ ಅನುಮಾನ ಹೀಗೆ ಬರಿಗೈಯಲ್ಲಿ ಕಳಿಸಿತಲ್ಲ ಎಂದು ಸ್ವಲ್ಪ ಬೇಜಾರೂ ಆಯಿತು.

ವಾಪಸ್ ಬಸ್ಸಿಗೆ ನಿಂತಿದ್ದರೆ ಜಯಮ್ಮನೂ ಒಳ್ಳೆಯ ಸೀರೆ ಉಟ್ಟು ಅಲ್ಲಿಗೇ ಬಂದಳು. "ಏನ್ ಗಿರಿಜಕ್ಕ, ಈ ಕಡೆ?" ಅಂದಳು. "ಹುಣಸೆಹಣ್ಣಿಗೆ," ಅಂದೆ. ಅವಳು ನನ್ನ ಬುಟ್ಟಿ ನೋಡಿದಳು. ಅದರಲ್ಲಿ ಒಂದು ಹುಣಸೆಯೂ ಇರಲಿಲ್ಲ. ಸ್ಕೂಲಿನಲ್ಲಿ ತಮ್ಮನ ಮಗಳ ಡ್ಯಾನ್ಸ್ ಇದೆ, ಅದಕ್ಕೆ ಹೊರಟೆ ಎಂದು ಅವಳು ಹೇಳಿದಳು. ದಾರಿಯುದ್ದಕ್ಕೂ ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡಿದೆವು.

ಮೈದಾನಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಆಗಬಾರದ್ದು ಆಗಿತ್ತು. ಮುಖ್ಯ ಅತಿಥಿಗಳು ಎಂದಿನಂತೆ ತಡ, ಬಹುಮಾನ ಇನ್ನೂ ಕೊಟ್ಟಿರಲಿಲ್ಲ. ಶಾಮಿಯಾನದ ಮುಂದೆ ಯಜಮಾನರು ಒದ್ದೆ ತಲೆಯಲ್ಲಿ ನಿಂತಿದ್ದರು, ಸುತ್ತ ಜನ. ನಲವತ್ತು ದಾಟಿದವರಲ್ಲಿ ಮೊದಲು ಬಂದವರು ಇವರೇ. ಆದರೆ ಹಣೆ ತೊಳೆದಿಟ್ಟ ಹಾಗಿತ್ತು. ಡ್ರಿಲ್ ಮೇಷ್ಟ್ರು ಬಹಳ ಹೊತ್ತಿನ ಮೇಲೆ ಬಂದಿದ್ದರು, ಕೆಂಪಗೆ ಕುಂಕುಮ ಇಟ್ಟುಕೊಂಡು.

"ಕುಂಕುಮ ಇಲ್ಲ, ಗುಡಿ ಮುಟ್ಟಿಲ್ಲ. ಸಂಘದ ರೂಲ್ಸು," ಅಂದ ಹಾಲಪ್ಪ.

"ದಾರೀಲಿ ತಲೆಗೆ ನೀರು ಹಾಕ್ಕಂಡೆ, ಹೋಯ್ತು," ಅಂದರು ಇವರು. ಅಷ್ಟೇ ಅಂದದ್ದು. ತಕ್ಕಡಿಯ ಮುಂದೆಯೂ ಹಾಗೇ, ಒಂದು ಸಲ ಕೂಗಿದ ಮೇಲೆ ಎರಡನೇ ಸಲ ಹೇಳುವವರಲ್ಲ.

ಪೂಜಾರಿಯನ್ನು ಕೇಳಿದರು. ಅವನಿಗೆ ಕಣ್ಣು ಮಂಜು. "ಬಂದ ಹಣೆಗೆಲ್ಲ ಇಟ್ಟೆ ಕಣ್ರಪ್ಪ. ಮುಖ ನೋಡಕ್ಕೆ ಎಲ್ಲಿ ಬಿಟ್ರು, ಎಲ್ಲಾ ಓಡೋರೇ," ಅಂದ. ಡ್ರಿಲ್ ಮೇಷ್ಟ್ರನ್ನು ಕೇಳಿದರು. ಗುಡಿಯ ಹತ್ತಿರ ಇವರು ತಿರುಗಿ ಬರುವಾಗ ಅವರು ಎದುರಿಗೆ ಸಿಕ್ಕಿರಲೇಬೇಕು. ಮೇಷ್ಟ್ರು ಹಾಲಪ್ಪನ ಮುಖ ನೋಡಿ, "ನಾನು ತಲೆ ತಗ್ಗಿಸಿ ಓಡ್ತಿದ್ದೆ, ಯಾರನ್ನೂ ಗಮನಿಸಲಿಲ್ಲ," ಅಂದರು. ಮುಂದಿದ್ದ ಹುಡುಗರು ಹಿಂದೆ ನೋಡಿರಲಿಲ್ಲ. ಹಿಂದಿದ್ದವರು ಅರ್ಧಕ್ಕೇ ಬಿಟ್ಟು ಎತ್ತಿನಗಾಡಿಯಲ್ಲಿ ಕೂತು ಬಂದಿದ್ದರು.

ಆಗ ಹಾಲಪ್ಪ ನಕ್ಕ. ಮಂಡಿಯಲ್ಲಿ ನಕ್ಕದ್ದು ಇದೇ ನಗು ಇರಬೇಕು ಎಂದು ನನಗೆ ಗೊತ್ತಾಯಿತು. "ಹೋಗ್ಲಿ ಬಿಡಿ, ಒಂದು ಕೊಡದ ವಿಷಯ," ಅಂದ. "ಆದ್ರೆ ಒಂದು ಮಾತು. ರಸ್ತೇಲಿ ಮೋಸ ಮಾಡೋನು ತಕ್ಕಡೀಲಿ ಬಿಟ್ಟಾನಾ? ಅದನ್ನ ರೈತರು ಯೋಚ್ನೆ ಮಾಡ್ಲಿ."

ಆ ಗುಂಪಿನಲ್ಲಿ ಇದ್ದವರು ಅರ್ಧ ಜನ ಈರುಳ್ಳಿ ಬೆಳೆಯುವವರು. ಅವರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಇವರ ಮುಖ ನೋಡಿದರು. ನಮ್ಮ ಒಲೆ ಆರುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಬುಟ್ಟಿ ಹಿಡಿದುಕೊಂಡೇ ಗಂಡಸರ ನಡುವೆ ನುಗ್ಗಿದೆ.

"ಕುಂಕುಮ ಇತ್ತು. ನಾನು ನೋಡಿದೆ."

"ಎಲ್ಲಿ ನೋಡಿದ್ಯಮ್ಮ?" ಅಂದ ಸಂಘದ ಅಧ್ಯಕ್ಷ.

"ಜಯಮ್ಮನ ತೋಟದ ಹತ್ರ. ಹುಣಸೆಮರದ ಹಿಂದೆ ನಿಂತಿದ್ದೆ. ಗುಡಿ ಕಡೆಯಿಂದ ಬಂದ್ರು, ಹಣೆ ತುಂಬ ಕುಂಕುಮ ಇತ್ತು, ತೊಟ್ಟಿಗೆ ತಲೆ ಒಡ್ಡಿದ್ರು."

ಹಾಲಪ್ಪ ಅಂದ, "ಹೆಂಡ್ತಿ ಗಂಡನ ಪರ ಹೇಳ್ದೆ ಇನ್ಯಾರ ಪರ ಹೇಳ್ತಾಳೆ?"

ಹುಣಸೆಹಣ್ಣು ಎನ್ನಲು ಬಾಯಿ ತೆರೆದೆ. ಆ ಮಾತಿಗೆ ಇಲ್ಲಿ ಬೆಲೆಯಿಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ಹುಣಸೆಹಣ್ಣಿಗೆ ಹೋದರೂ ಹೆಂಡತಿ ಹೆಂಡತಿಯೇ, ಅವಳನ್ನು ಯಾರು ನಂಬುತ್ತಾರೆ? ಇವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು, ಅಪ್ಪ ಅಣ್ಣನ ಮಾತು ಹೇಳಿದ ದಿನ ನೋಡುತ್ತಿದ್ದ ಹಾಗೇ.

"ಪರ ವಹಿಸಕ್ಕೆ ಹೋಗಿರಲಿಲ್ಲ ಕಣ್ರೀ," ಅಂದೆ. "ಹಿಡಿಯಕ್ಕೆ ಹೋಗಿದ್ದೆ. ದಿನಾ ತಲೆ ಒದ್ದೆ ಮಾಡ್ಕಂಡು ಬತ್ತಿದ್ರು. ಜಯಮ್ಮನ ತೋಟದಲ್ಲಿ ಏನ್ ಕೆಲಸ ಅಂತ ನಂಗೆ ಅನುಮಾನ. ತಲೆನೋವು ಅಂತ ಸುಳ್ಳು ಹೇಳಿ, ಕದ್ದು ಹೋಗಿ ಮರದ ಹಿಂದೆ ನಿಂತಿದ್ದೆ. ಕಳ್ಳನ್ನ ಹಿಡಿಯಕ್ಕೆ ಹೋದೋಳು ಕಣ್ಣು ಮುಚ್ಕಂಡು ನಿಂತಿರ್ತಾಳಾ? ಕುಂಕುಮ ಇತ್ತು."

ಯಾರೋ ಕಿಸಕ್ಕೆಂದರು. ಇನ್ಯಾರೋ ಅವರನ್ನು ಸುಮ್ಮನಿರಿಸಿದರು. ನನ್ನ ಕಿವಿ ಸುಡುತ್ತಿತ್ತು. ಹೆಂಗಸರು ಕೂತ ಕಡೆಯಿಂದ ಜಯಮ್ಮ ಎದ್ದು ಬರುವುದು ಕಂಡಿತು. ಅಷ್ಟು ಜನರ ಮುಂದೆ ನಾನು ಅವಳ ಹೆಸರು ಎಳೆದುಬಿಟ್ಟಿದ್ದೆ. ಅವಳು ನನ್ನ ಜುಟ್ಟು ಹಿಡಿದರೂ ಯಾರೂ ತಪ್ಪೆನ್ನುತ್ತಿರಲಿಲ್ಲ.

ಅವಳು ನನ್ನ ಕಡೆ ನೋಡಲೇ ಇಲ್ಲ. ಹಾಲಪ್ಪನ ಮುಂದೆ ನಿಂತಳು. "ಗಿರಿಜಕ್ಕ ಹೇಳಿದ್ದು ನಿಜ. ಮರದ ಹಿಂದೆ ಯಾರೋ ನಿಂತವ್ರೆ, ನಮ್ಮ ಹುಣಸೆಹಣ್ಣು ಕದಿಯೋರೇ ಇರಬೇಕು ಅಂತ ನಾನೂ ಪಂಪ್‌ಸೆಟ್ ಮನೆ ಕಿಂಡಿಯಿಂದ ನೋಡ್ತಾನೇ ಇದ್ದೆ. ಇವರು ಬಂದಿದ್ದೂ ನೋಡಿದೆ. ಹಣೇಲಿ ಕುಂಕುಮ ಇತ್ತು. ನಮ್ಮ ತೊಟ್ಟೀಲಿ ಇನ್ನೂ ಕೆಂಪು ಇರಬೇಕು, ಹೋಗಿ ನೋಡ್ಕಳಿ." ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೋಗಿ ಕೂತಳು.

ಒಬ್ಬರಲ್ಲ, ಇಬ್ಬರು. ಅದರಲ್ಲೂ ಒಬ್ಬಳು ಗಂಡನನ್ನು ಹಿಡಿಯಲು ಹೋದವಳು, ಇನ್ನೊಬ್ಬಳು ಅವಳನ್ನೇ ಹಿಡಿಯಲು ಕಾದವಳು. ರೈತರೊಳಗೆ ಒಬ್ಬ ಮುದುಕ, "ಹಾಲಪ್ಪ, ಮುಳ್ಳು ನಿಂತಾಯ್ತು, ಇನ್ನು ಕೂಗ್ಸಪ್ಪ," ಅಂದ. ಎಲ್ಲರೂ ನಕ್ಕರು. ಕೊಡ ನಮ್ಮ ಮನೆಗೆ ಬಂತು.

ಮನೆಗೆ ಹೊರಟೆವು. ಇವರು ಕೊಡ ಹೆಗಲ ಮೇಲೆ ಹೊತ್ತಿದ್ದರು, ನಾನು ಖಾಲಿ ಬುಟ್ಟಿ. ಮನೆಯ ಬಾಗಿಲಲ್ಲಿ ಕೊಡ ಇಳಿಸಿ, "ತಲೆನೋವು ಹೆಂಗದೆ?" ಅಂದರು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಆ ವಿಷಯ ಅಷ್ಟಕ್ಕೇ ಮುಗಿಯಿತು. ಅವರು ಆಮೇಲೂ ಕಡೂರು ತರೀಕೆರೆಗಳಲ್ಲಿ ಓಡಿದರು, ಕೆಲವು ಸಲ ಗೆದ್ದರು, ಬಹಳ ಸಲ ಸೋತರು. ಐವತ್ತು ಕಂಡರು, ಅರವತ್ತು ಕಂಡರು, ಎಪ್ಪತ್ತನ್ನೂ ದಾಟಿ ಹೋದರು. ಬೇರೆ ತೋಟದ ತೊಟ್ಟಿಗೆ ತಲೆ ಒಡ್ಡಿ ಎಂದು ನಾನು ಹೇಳಲಿಲ್ಲ. ಜಯಮ್ಮನ ಸಾಕ್ಷಿಯಿಂದ ಊಟ ಉಳಿದ ಮೇಲೆ ಅವಳ ನೀರಿಗೆ ಹೇಗೆ ಬೇಡವೆನ್ನುವುದು?

ಇಷ್ಟೆಲ್ಲ ನೆನಪಾಗುವ ಹೊತ್ತಿಗೆ ಬಸ್ಸು ಆ ಹುಣಸೆಮರದ ಹತ್ತಿರ ಯಾರನ್ನೋ ಇಳಿಸಲು ನಿಂತಿತು. ನಾನೂ ಇಳಿದೆ. ನಾಮಕರಣ ಮಧ್ಯಾಹ್ನಕ್ಕೆ, ಇನ್ನೊಂದು ಬಸ್ಸು ಬರುತ್ತದೆ. ತೋಟದಲ್ಲಿ ಜಯಮ್ಮ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತ ಕೂತಿದ್ದಳು. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿಯೇ ಇತ್ತು. "ಬಾ ಗಿರಿಜಕ್ಕ. ಬುಟ್ಟಿ ತಂದಿಲ್ವಾ?" ಅಂದಳು.

ಪಂಪ್‌ಸೆಟ್ ಮನೆ ಹಾಳು ಬಿದ್ದಿತ್ತು. ಕೊಳವೆ ಬಾವಿ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಬಾಗಿಲು ತಳ್ಳಿ ಒಳಗೆ ಹೋದೆ. ಯಾಕೆ ಹೋದೆನೋ, ನನ್ನ ಸ್ವಭಾವ ಅದು. ಕಿಂಡಿ ಒಂದೇ ಇತ್ತು. ಅದರಲ್ಲಿ ಮುಖ ಇಟ್ಟು ನೋಡಿದೆ. ಹಳೆಯ ಬಾವಿ ಕಂಡಿತು, ಬಾವಿಯ ಆಚೆ ತೆಂಗಿನ ಸಾಲು. ರಸ್ತೆ ನನ್ನ ಬೆನ್ನ ಹಿಂದೆ, ಗೋಡೆಯ ಆಚೆಗಿತ್ತು. ಹುಣಸೆಮರವೂ, ತೊಟ್ಟಿಯೂ ಆ ಕಡೆಗೇ. ಮತ್ತೊಂದು ಕಿಂಡಿ ಮುಚ್ಚಿರಬಹುದೆಂದು ಗೋಡೆಯನ್ನೆಲ್ಲ ಕೈಯಿಂದ ಸವರಿದೆ. ಗಾರೆ ಒಂದೇ ಸಮನಾಗಿತ್ತು.

ಹೊರಗೆ ಬಂದು ಅವಳ ಮುಂದೆ ನಿಂತೆ.

"ಜಯಮ್ಮ, ಆ ಕಿಂಡಿಯಿಂದ ಏನೂ ಕಾಣಲ್ಲ."

"ಊಂ, ಕಾಣಲ್ಲ," ಅಂದಳು, ಕಡ್ಡಿ ತೆಗೆಯುತ್ತಲೇ.

"ಹಂಗಾದ್ರೆ ಅವತ್ತು ಯಾಕೆ ಹೇಳ್ದೆ? ನಮ್ಮನೆಯೋರಿಗಾಗಿ ಹೇಳ್ದ್ಯಾ?" ಅಷ್ಟು ವರ್ಷಗಳಿಂದ ಕೇಳದೆ ಉಳಿದದ್ದು ಬಾಯಿಗೆ ಬಂದೇಬಿಟ್ಟಿತು. ನಲವತ್ತು ವರ್ಷ ಕಳೆದರೂ ಆ ಮಾತಿನ ಉರಿ ಆರಿರಲಿಲ್ಲ.

ಜಯಮ್ಮ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ನಿಮ್ಮನೆಯೋರ ಮುಖ ನಂಗೆ ಸರಿಯಾಗಿ ಗೊತ್ತೂ ಇರಲಿಲ್ಲ ಕಣಕ್ಕ. ದಾರೀಲಿ ಹೋಗೋರು ನೂರು ಜನ ಆ ತೊಟ್ಟೀಲಿ ನೀರು ಕುಡೀತಿದ್ರು. ನಾನು ಹೇಳಿದ್ದು ನಿನಗಾಗಿ. ಅಷ್ಟು ಗಂಡಸರ ಮುಂದೆ ನಿಂತು, ಗಂಡನ್ನ ಹಿಡಿಯಕ್ಕೆ ಹೋಗಿದ್ದೆ ಅಂದ್ಯಲ್ಲ. ಅಂಥ ಮಾತನ್ನ ಯಾವ ಹೆಂಗಸೂ ಸುಳ್ಳಿಗೆ ಹೇಳಲ್ಲ. ನೀನು ನೋಡಿದ್ದೀಯ ಅಂತ ನಂಗೆ ಗೊತ್ತಾಯ್ತು. ಇನ್ನು ನಾನು ನೋಡಿದ್ರೇನು, ಬಿಟ್ರೇನು?"

ಆ ಮೈದಾನದಲ್ಲಿ ನನ್ನನ್ನು ಕಣ್ಣು ಮುಚ್ಚಿಕೊಂಡು ನಂಬಿದವಳು ಇವಳೊಬ್ಬಳೇ, ನಾನು ಅಷ್ಟು ತಿಂಗಳು ಅನುಮಾನಪಟ್ಟವಳು. ಅವಳ ಪಕ್ಕದಲ್ಲಿ ಕೂತು ನಾನೂ ಒಂದು ಗರಿ ಎಳೆದುಕೊಂಡು ಸೀಳತೊಡಗಿದೆ. ಬುಕ್ಕಾಂಬುಧಿಯ ಬಸ್ಸು ಬಂದು ನಿಂತು, ಹಾರನ್ ಹಾಕಿ, ನಮ್ಮನ್ನು ಬಿಟ್ಟು ಹೋಯಿತು.